ಬಾಗಿಲ ಹಿಂದಿನ ದನಿ ಯಾರದು?

ನನಗೂ ನನ್ನ ಗಂಡನಿಗೂ ಮದುವೆಯಾದಾಗಿನಿಂದ ಇರುವುದು ಒಂದೇ ಜಗಳ. (ಉಳಿದವೆಲ್ಲ ಬರೀ ಚರ್ಚೆ.) ಅದು ಅತ್ತೆಮನೆಯ ವಿಷಯಕ್ಕಲ್ಲ, ಸಾರಿನ ಉಪ್ಪಿಗಲ್ಲ. ಒಂದು ಧ್ವನಿಯ ವಿಷಯಕ್ಕೆ!

ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ‘ಕದ ತಟ್ಟಿ’ ಅಂತ ಒಂದು ಆಟ ಬರುತ್ತಿತ್ತು, ನೆನಪಿದೆಯೇ? ಸ್ಪರ್ಧಿ ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ, ಮೂರು ಬಾಗಿಲುಗಳಲ್ಲಿ ಒಂದನ್ನು ತಟ್ಟಬೇಕು. ತಟ್ಟಿದ ಕೂಡಲೇ ಜಾಹೀರಾತು. (ನಮ್ಮಮ್ಮ ಶಾಪ ಹಾಕುತ್ತಿದ್ದುದು ಆಗಲೇ.) ಜಾಹೀರಾತು ಮುಗಿದ ಮೇಲೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಎಲ್ಲಿಂದಲೋ ಒಂದು ಧ್ವನಿ ಬಂದು, ಒಳಗಿರುವ ಬಹುಮಾನ ಏನೆಂದು ಹೇಳುತ್ತಿತ್ತು. ಆ ಧ್ವನಿಯ ಮುಖವನ್ನು ಯಾರೂ ನೋಡಿರಲಿಲ್ಲ. ಅವರ ಹೆಸರು ತೆರೆಯ ಮೇಲೂ ಬರುತ್ತಿರಲಿಲ್ಲ.

ಆ ಧ್ವನಿ ನನ್ನ ಪ್ರಕಾರ ತುಂಬಿದ ಧ್ವನಿ. ನಿಧಾನ, ಗಂಭೀರ, ಒಂದೊಂದು ಅಕ್ಷರವೂ ಸ್ಪಷ್ಟ. ಮೈಸೂರಿನ ನಮ್ಮ ಮನೆಯಲ್ಲಿ ಅದು ಕೇಳಿದ ಕೂಡಲೇ ಅಪ್ಪ ಪೇಪರು ಕೆಳಗಿಡುತ್ತಿದ್ದರು.

ನನ್ನ ಗಂಡ ಸುಧಾಕರನ ಪ್ರಕಾರ? “ಎಂಥ ಗಂಭೀರ ಮಾರಾಯ್ತಿ! ಅದು ಗೊಗ್ಗರು ಸ್ವರ. ಜೋಕ್ ಮಾಡಿಕೊಂಡು ಮಾತಾಡುವ ಜನ. ನಮ್ಮ ಊರಿನ ಕಡೆಯವರೇ, ನೂರಕ್ಕೆ ನೂರು.”

ಸುಧಾಕರ ಉಡುಪಿಯವರು. ಜಗತ್ತಿನಲ್ಲಿ ಒಳ್ಳೆಯದು ಏನೇ ಇದ್ದರೂ ಅದು ಅವರ ಊರಿನ ಕಡೆಯದ್ದೇ, ಇರಲಿ ಬಿಡಿ. ಆದರೆ ಬಹುಮಾನವೂ ಬೇರೆಯಾದರೆ? ಒಂದು ವಾರ ನೇರಳೆ ಸೀರೆಯ ಟೀಚರೊಬ್ಬರು ಬಂದಿದ್ದರು. ಬಾಗಿಲು ತೆರೆದಾಗ ಹೋ ಎಂದು ಅತ್ತುಬಿಟ್ಟಿದ್ದರು. ಅವರು ಗೆದ್ದದ್ದು ಹೊಲಿಗೆ ಯಂತ್ರ, ನಾನೇ ಕಣ್ಣಾರೆ ಕಂಡಿದ್ದೇನೆ. ಸುಧಾಕರ ಡಬಲ್ ಡೋರ್ ಫ್ರಿಜ್ ಅನ್ನುತ್ತಾರೆ. ಅದೇ ಟೀಚರು, ಅದೇ ನೇರಳೆ ಸೀರೆ, ಅದೇ ಅಳು. ಬಹುಮಾನ ಮಾತ್ರ ಬೇರೆ!

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಅದು ನಾನಂತೂ ಅಲ್ಲ.

ಇನ್ನೊಂದು ವಿಷಯ. ಆ ಧ್ವನಿಯ ಒಂದು ಮಾತು ಸುಧಾಕರನಿಗೆ ಬಾಯಿಪಾಠ. “ನೀರು ಕುಡೀರಿ, ಬಾಗಿಲು ಎಲ್ಲಿಗೂ ಓಡಿ ಹೋಗುದಿಲ್ಲ!” ನಮ್ಮ ಬಿಲ್ಡಿಂಗಿನ ಲಿಫ್ಟ್ ಬರುವುದು ತಡವಾದರೆ ಇದನ್ನೇ ಹೇಳುತ್ತಾರೆ. ವೀಸಾ ಸ್ಟಾಂಪಿಂಗ್ ತಡವಾದರೂ ಇದೇ. ನಾನು ಹೆರಿಗೆ ನೋವಿನಲ್ಲಿ ಬಾತ್ರೂಮಿನ ಬಾಗಿಲು ಹಿಡಿದು ನಿಂತಾಗಲೂ ಇದನ್ನೇ ಹೇಳಿದ್ದರು. (ಆ ದಿನದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.) ನಾನು ಆ ಮಾತನ್ನು ಟಿವಿಯಲ್ಲಿ ಒಮ್ಮೆಯೂ ಕೇಳಿದವಳಲ್ಲ.

“ನೀನು ಆಗ ಅಡುಗೆಮನೆಯಲ್ಲಿದ್ದಿರಬೇಕು,” ಅನ್ನುತ್ತಾರೆ.

ಆರು ವರ್ಷದ ಕಾರ್ಯಕ್ರಮ. ಆರು ವರ್ಷವೂ ನಾನು ಅಡುಗೆಮನೆಯಲ್ಲೇ ಇದ್ದೆನಂತೆ!

ಹೀಗೆ ಒಂಬತ್ತು ವರ್ಷ ಕಳೆದಿರುವಾಗ ಹೋದ ತಿಂಗಳು ನನ್ನ ಕೈಗೆ ಬ್ರಹ್ಮಾಸ್ತ್ರ ಸಿಕ್ಕಿತು. ದುಬೈನ ಜುಮೇರಾ ಲೇಕ್ ಟವರ್ಸ್‌ನ ನನ್ನ ಆಫೀಸಿನಲ್ಲಿ ಸುಜಾತಾ ಅಂತ ಹೊಸದಾಗಿ ಸೇರಿದ್ದಾಳೆ. ಮನೆ ಅಬುಧಾಬಿಯಲ್ಲಿ, ವಾರಕ್ಕೆ ಮೂರು ದಿನ ಇಲ್ಲಿಗೆ ಬರುತ್ತಾಳೆ. ಲಂಚ್ ಹೊತ್ತಿನಲ್ಲಿ ಡಬ್ಬಿ ಬಿಚ್ಚುತ್ತಾ, “ಅಪ್ಪ ವಿಸಿಟ್ ವೀಸಾದಲ್ಲಿ ಬಂದಿದಾರೆ ಮೇಡಂ. ಮನೇಲಿ ಕೂತು ಕೂತು ಬೋರ್ ಆಗ್ತಿದೆ ಅವ್ರಿಗೆ,” ಅಂದಳು. ಏನು ಮಾಡುತ್ತಿದ್ದರು ಅಂತ ಕೇಳಿದೆ. ಬ್ಯಾಂಕಿನಲ್ಲಿದ್ದರಂತೆ. “ಜೊತೆಗೆ ಟಿವಿಯಲ್ಲಿ ಒಂದು ಪ್ರೋಗ್ರಾಮಿಗೆ ವಾಯ್ಸ್ ಕೊಡ್ತಿದ್ರು. ‘ಕದ ತಟ್ಟಿ’ ಅಂತ. ನಿಮಗೆ ಗೊತ್ತಿರಲಿಕ್ಕಿಲ್ಲ ಬಿಡಿ.”

ನನ್ನ ಚಪಾತಿ ಗಂಟಲಲ್ಲೇ ನಿಂತಿತು.

ಅವಳ ಮೊಬೈಲಿನಲ್ಲೇ ಫೋನು ಹಚ್ಚಿಸಿದೆ. “ಹಲೋ, ಯಾರಮ್ಮಾ?” ಅಂದರು ಆ ಕಡೆಯಿಂದ ಅವಳಪ್ಪ ವಾಸುದೇವ ಮೂರ್ತಿಗಳು. ಅದೇ ಧ್ವನಿ! ನನಗೆ ಕೂತಲ್ಲೇ ಮೈಸೂರಿನ ಮನೆಯ ಹಾಲ್, ಅಪ್ಪ ಕೆಳಗಿಟ್ಟ ಪೇಪರು ಎಲ್ಲ ಕಣ್ಣೆದುರು ಬಂದವು. ಅಳು ಬಂತು ಅಂದರೆ ನಗಬೇಡಿ.

“ಸರ್, ನಾನು ನಿಮ್ಮ ಫ್ಯಾನ್,” ಅಂದೆ.

“ನನ್ನ ಫ್ಯಾನಾ?” ಅಂತ ಅವರು ಎರಡು ಸಲ ಕೇಳಿದರು. ಆಮೇಲೆ ಸುಜಾತಾ ಹೇಳಿದಳು, ಅವರಿಗೆ ಈ ಮಾತನ್ನು ಯಾರೂ ಹೇಳಿದ್ದೇ ಇಲ್ಲವಂತೆ. ಮುಖ ಕಾಣದ ಕೆಲಸ. ರಸ್ತೆಯಲ್ಲಿ ಗುರುತು ಹಿಡಿಯುವವರು ಯಾರು? ಬ್ಯಾಂಕಿನಲ್ಲೂ ಅರ್ಧ ಜನ ನಂಬುತ್ತಿರಲಿಲ್ಲವಂತೆ. “ಒಂದ್ಸಲ, ಒಂದೇ ಒಂದ್ಸಲ ಜನರ ಮುಂದೆ ಅವ್ರಿಗೆ ಚಪ್ಪಾಳೆ ಬಿದ್ರೆ ಸಾಕು ಮೇಡಂ. ವಯಸ್ಸು ಎಪ್ಪತ್ತಾಯ್ತು,” ಅಂದಳು.

ಒಂದ್ಸಲ ಏನು, ನೂರು ಸಲ! ನಮ್ಮ ಇಂಟರ್‌ನ್ಯಾಷನಲ್ ಸಿಟಿಯ ಫ್ಲ್ಯಾಟಿನಲ್ಲೇ ಶುಕ್ರವಾರದ ಊಟ ಇಟ್ಟುಕೊಳ್ಳೋಣ, ‘ಕದ ತಟ್ಟಿ’ ಅಭಿಮಾನಿಗಳನ್ನೆಲ್ಲ ಕರೆಯೋಣ, ಶಾಲು ಹೊದಿಸೋಣ ಅಂದೆ. (ನಿಜ ಹೇಳಬೇಕೆಂದರೆ, ಅವರಿಗೆ ಚಪ್ಪಾಳೆ ಬೀಳಬೇಕು ಅನ್ನುವುದು ಅರ್ಧ ಆಸೆ. ಸುಧಾಕರನ ಮುಖ ಸಪ್ಪಗಾಗಬೇಕು ಅನ್ನುವುದು ಇನ್ನರ್ಧ.)

ಶುಕ್ರವಾರ ಬಂತು. ಸೋಫಾ ಬಾಲ್ಕನಿಗೆ ಹೋಯಿತು, ಹಾಲಿಗೆ ಚಾಪೆ ಬಂತು. ಇಪ್ಪತ್ತೈದು ಜನ, ಕೈಗೊಂದು ಪಾತ್ರೆ. ಒಂದು ಮನೆಯಿಂದ ಬಿಸಿಬೇಳೆ ಬಾತ್, ಇನ್ನೊಂದರಿಂದ ನೀರ್ದೋಸೆ, ಮತ್ತೊಂದರಿಂದ ಗೋಳಿಬಜೆ. ಅರ್ಧ ಜನ ನನ್ನ ಹಾಗೆ ಈಚೆಗೆ ಬಂದ ಬೆಂಗಳೂರು–ಮೈಸೂರಿನ ಕಡೆಯವರು. ಇನ್ನರ್ಧ ಸುಧಾಕರನ ಹಳೆಯ ಗ್ಯಾಂಗು, ದುಬೈನ ಕರಾಮಾ ಬಡಾವಣೆಯ ಒಂದೇ ರೂಮಿನಲ್ಲಿ ಆರಾರು ಮಂದಿ ಬ್ಯಾಚುಲರ್‌ಗಳಾಗಿ ಕಾಲ ಹಾಕಿದವರು. ಆಗ ಅವರ ರೂಮಿಗೆ ಕನ್ನಡ ಚಾನೆಲ್ ಎಲ್ಲಿಯದು? ಊರಿನಲ್ಲಿ ಯಾರೋ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಯಾರದೋ ಸೂಟ್‌ಕೇಸಿನಲ್ಲಿ ದುಬೈಗೆ ಬರುತ್ತಿತ್ತು. ಕರಾಮಾದ ವಿಡಿಯೊ ಲೈಬ್ರರಿಯವರು ಅದನ್ನು ಕಾಪಿ ಹೊಡೆದು ಬಾಡಿಗೆಗೆ ಕೊಡುತ್ತಿದ್ದರು. ಇವರೆಲ್ಲ ‘ಕದ ತಟ್ಟಿ’ ನೋಡಿದ್ದು ಹಾಗೆ.

ಮೂರ್ತಿಗಳು ಅಬುಧಾಬಿಯಿಂದ ಎರಡು ಗಂಟೆ ಕಾರಿನಲ್ಲಿ ಕೂತು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಮಡಿಸಿದ ಒಂದು ಹಾಳೆ. “ಬೆಳಿಗ್ಗೆಯಿಂದ ಬಾತ್ರೂಮಲ್ಲಿ ಪ್ರಾಕ್ಟೀಸ್ ಮಾಡ್ತಿದಾರೆ,” ಅಂತ ಸುಜಾತಾ ನನ್ನ ಕಿವಿಯಲ್ಲಿ ಹೇಳಿದಳು.

ಅವರು ಬರುವ ಮೊದಲೇ ಹಾಲಿನಲ್ಲಿ ನೆನಪುಗಳ ಸಂತೆ ಶುರುವಾಗಿತ್ತು. ಆ ಕುಂಟ ಮಾಸ್ತರು ಮೂರು ವಾರ ಸತತ ಗೆದ್ದದ್ದು, ಅವಳಿ ಅಕ್ಕತಂಗಿಯರು ಬೇರೆ ಬೇರೆ ಬಾಗಿಲು ತಟ್ಟಿ ಅಲ್ಲೇ ಜಗಳವಾಡಿದ್ದು. ನೆನಪು ಎಲ್ಲರದೂ ಒಂದೇ. ಬಹುಮಾನದ ಮಾತು ಬಂದಾಗ ಮಾತ್ರ ಹಾಲ್ ಎರಡು ಹೋಳು. “ಮಾಸ್ತರಿಗೆ ಸೈಕಲ್ಲು,” ಅನ್ನುತ್ತದೆ ಬೆಂಗಳೂರು–ಮೈಸೂರಿನ ನಮ್ಮ ಚಾಪೆ. “ಯಾವ ಸೈಕಲ್ಲು? ಏಸಿ!” ಅನ್ನುತ್ತದೆ ಸುಧಾಕರನ ಗ್ಯಾಂಗು ಕೂತ ಆ ಚಾಪೆ. ನಮ್ಮ ಮನೆಯ ಜಗಳ ಪಬ್ಲಿಕ್ ಆಗಿಬಿಟ್ಟಿತ್ತು. ನನ್ನ ಮಗಳು ರೂಮಿನಿಂದ ತಲೆ ಹಾಕಿ, “ವೈ ಈಸ್ ಎವ್ರಿಬಡಿ ಫೈಟಿಂಗ್, ಅಮ್ಮಾ?” ಅಂದಳು. ನನಗೇ ಗೊತ್ತಿದ್ದರೆ ತಾನೇ ಹೇಳುವುದು?

ನಾನು ಎದ್ದು ನಿಂತೆ. “ಎಲ್ಲ ಜಗಳಕ್ಕೂ ಇವತ್ತು ಖಲಾಸ್. ಆ ಧ್ವನಿಯೇ ಇಲ್ಲಿದೆ,” ಅಂದು ಮೂರ್ತಿಗಳಿಗೆ ಶಾಲು ಹೊದಿಸಿದೆ. ಅವರು ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು, ನಮ್ಮ ಊಟದ ಪಾತ್ರೆಗಳನ್ನೇ ಬಹುಮಾನದ ಹಾಗೆ ಘೋಷಿಸಿದರು. “ಮೊದಲನೆಯ ಪಾತ್ರೆಯಲ್ಲಿ, ತುಪ್ಪದ ಪರಿಮಳದೊಂದಿಗೆ, ಬಿಸಿಬೇಳೆ ಬಾತ್!”

ನಮ್ಮ ಚಾಪೆ ಚಪ್ಪಾಳೆ ತಟ್ಟಿತು. ನನ್ನ ಮೈ ಜುಮ್ಮೆಂದಿತು.

ಆ ಚಾಪೆ ಮಾತ್ರ ತೆಪ್ಪಗೆ ಕೂತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸುಧಾಕರನ ಹಳೆಯ ರೂಮ್‌ಮೇಟ್ ಶೆಟ್ಟರು ಬಲು ಮರ್ಯಾದೆಯಿಂದ ಕೇಳಿದರು: “ಸಾರ್, ನಿಮ್ಮ ಆ ಡೈಲಾಗ್ ಒಂದು ಹೇಳ್ಬಹುದಾ? ಬಾಗಿಲು ಓಡಿ ಹೋಗುದಿಲ್ಲ ಅಂತ ಉಂಟಲ್ಲ?”

“ಯಾವುದು?” ಅಂದರು ಮೂರ್ತಿಗಳು.

“ನೀರು ಕುಡೀರಿ...” ಅಂತ ಶೆಟ್ಟರು ಶುರು ಮಾಡಿದ್ದೇ ತಡ, ಆ ಚಾಪೆಯ ಹನ್ನೆರಡೂ ಮಂದಿ ಒಟ್ಟಿಗೆ ಮುಗಿಸಿದರು, “ಬಾಗಿಲು ಎಲ್ಲಿಗೂ ಓಡಿ ಹೋಗುದಿಲ್ಲ!”

ಮೂರ್ತಿಗಳು ನಗಲು ನೋಡಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರೇನೋ. “ಇಲ್ಲಪ್ಪಾ, ನಾನು ಹಾಗೆಲ್ಲ ಹೇಳ್ತಿರಲಿಲ್ಲ.”

“ಹಾಗಾದ್ರೆ ಇವ್ರಲ್ಲ,” ಅಂತ ಹಿಂದಿನಿಂದ ಯಾರೋ ಗೊಣಗಿದರು. ಮೆಲ್ಲಗೇ ಗೊಣಗಿದ್ದು. ಆದರೆ ಇಂಟರ್‌ನ್ಯಾಷನಲ್ ಸಿಟಿಯ ಒನ್ ಬೆಡ್‌ರೂಮ್ ಹಾಲಿನಲ್ಲಿ ಮೆಲ್ಲಗೆ ಅನ್ನುವುದು ಎಲ್ಲಿದೆ?

ಮೂರ್ತಿಗಳು ಹಾಳೆಯನ್ನು ಮಡಿಸಿ ಮತ್ತೆ ಜೇಬಿಗಿಟ್ಟರು. ಸುಜಾತಾಳ ಮುಖ ಕೆಂಪಾಯಿತು. ಅವಳು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಇಷ್ಟು ದೂರ ಕರೆಸಿ ನಮ್ಮಪ್ಪನಿಗೆ ಮಾಡಿಸುವ ಸನ್ಮಾನ ಇದೇನಾ ಅನ್ನುವ ಹಾಗಿತ್ತು. ನನಗೋ ತಲೆಯೇ ಓಡಲಿಲ್ಲ. ಧ್ವನಿ ಇದೇ, ದೇವರಾಣೆಗೂ ಇದೇ. ಹಾಗಾದರೆ ಆ ಹನ್ನೆರಡು ಮಂದಿಗೂ ಒಟ್ಟಿಗೆ ಭ್ರಮೆಯೇ? ಇಲ್ಲ ನಮಗೋ?

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಒಂದು ಗೊಗ್ಗರು ಧ್ವನಿ ಬಂತು. “ಅವ್ರನ್ನು ಎಂತದ್ದೂ ಹೇಳ್ಬೇಡಿ ಮಾರಾಯ್ರೆ. ತಪ್ಪು ನಂದು.”

ಶೀನಣ್ಣ! ಇವರು ಯಾರೆಂದು ಹೇಳಬೇಕು. ಐವತ್ತೈದು ದಾಟಿದ ಮನುಷ್ಯ, ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಸುಧಾಕರನ ಹಳೆಯ ಪರಿಚಯ, ಹಬ್ಬಕ್ಕೊಮ್ಮೆ ಬಂದು ಉಂಡು ಹೋಗುತ್ತಾರೆ. ಮಾತು ಬಹಳ ಕಡಿಮೆ. ಒಂದು ಕಾಲದಲ್ಲಿ ಕರಾಮಾದ ಆ ವಿಡಿಯೊ ಲೈಬ್ರರಿಯ ಸೇಲ್ಸ್‌ಮನ್ ಅವರೇ ಆಗಿದ್ದರು. ಇದು ನನಗೂ ಗೊತ್ತಿತ್ತು. ಅದಕ್ಕೇನಂತೆ ಅಂತ ನಾನು ಯೋಚಿಸಿರಲಿಲ್ಲ ಅಷ್ಟೆ.

ಶೀನಣ್ಣ ಕೈ ಒರೆಸಿಕೊಂಡು ನಡುವೆ ಬಂದು ನಿಂತರು.

“ಊರಲ್ಲಿ ರೆಕಾರ್ಡ್ ಮಾಡ್ತಿದ್ದದ್ದು ನಮ್ಮ ಓನರಿನ ಭಾವ. ಆ ಜನ ಜಾಹೀರಾತು ಬಂದ ಕೂಡ್ಲೇ ಪಾಜ್ ಬಟನ್ ಒತ್ತಿ ರೆಕಾರ್ಡಿಂಗ್ ನಿಲ್ಸಿ ಸಿಗರೇಟಿಗೆ ಹೋಗುದು. ಟೇಪ್ ಉಳೀಲಿ ಅಂತ. ತಿರುಗಿ ಬರುವಾಗ ಬಾಗಿಲು ತೆಗೆದಾಗಿ, ಬಹುಮಾನ ಹೇಳಿ ಆಗಿ, ಗೆದ್ದವ್ರು ನಗುದೋ ಅಳುದೋ ಮಾಡ್ತಾ ಇರ್ತಿದ್ರು. ಪ್ರತೀ ವಾರ ಇದೇ ಕತೆ. ಸಾರ್ ಮಾತಾಡುದು ಸರಿಯಾಗಿ ಆ ಹೊತ್ತಿಗೇ ಅಲ್ವಾ? ಅವ್ರ ಸ್ವರ ದುಬೈಗೆ ಬರ್ಲೇ ಇಲ್ಲ.”

“ಮತ್ತೆ ನಾವು ಕೇಳಿದ್ದು?” ಅಂದರು ಶೆಟ್ಟರು.

“ಗಿರಾಕಿಗಳು ಬಂದು ಬೈಯುದು, ‘ಎಂತ ಶೀನಣ್ಣ, ಎಂತ ಗೆದ್ದದ್ದು ಅಂತಲೇ ಇಲ್ಲ, ಇದೆಂಥ ಕ್ಯಾಸೆಟ್ಟು?’ ಅಂತ. ಕಾಪಿ ಹೊಡಿವಾಗ ಆ ಮುಚ್ಚಿದ ಬಾಗಿಲಿನ ಚಿತ್ರ ನಿಲ್ಲಿಸಿ, ಮೈಕ್ ಹಾಕಿ, ಗುರ್ತ ಸಿಗದ ಹಾಗೆ ಸ್ವಲ್ಪ ಸ್ವರ ಎಳೆದು, ನಾನೇ ಹೇಳಿದೆ. ಟೈಮ್ ತುಂಬ್ಸ್ಲಿಕ್ಕೆ ನೀರು ಕುಡೀರಿ ಅಂತೆಲ್ಲ ಸೇರ್ಸಿದ್ದು. ಅಷ್ಟೇ.”

“ಬಹುಮಾನ?” ಅಂದೆ ನಾನು. ನನಗೆ ಅದೇ ಚಿಂತೆ. “ಬಹುಮಾನ ಏನು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು ಶೀನಣ್ಣ?”

“ಎಲ್ಲಿ ಗೊತ್ತಾಗುದು ಅಕ್ಕ? ಟೇಪಲ್ಲಿ ಗೆದ್ದವ್ರ ಮುಖ ಮಾತ್ರ ಕಾಣುದು, ಅದನ್ನು ನೋಡಿ ಅಂದಾಜು ಮಾಡುದು. ಮುಖ ಸಣ್ಣ ಆಗಿದ್ರೆ ಮಿಕ್ಸಿ. ಕುಣಿದ್ರೆ ಟಿವಿ. ಆ ಟೀಚರಮ್ಮ ಹಾಗೆ ಅತ್ರಲ್ಲ, ಅದು ಡಬಲ್ ಡೋರ್ ಫ್ರಿಜ್ಜೇ ಅಂತ ಲೆಕ್ಕ ಹಾಕಿದೆ.”

ಮೂರ್ತಿಗಳು ಕೂಡಲೇ ತಿದ್ದಿದರು. “ಅದು ಹೊಲಿಗೆ ಯಂತ್ರ. ಕಾಲಲ್ಲಿ ತುಳಿಯೋದು. ನಾನೇ ಓದಿದ್ದು.”

(ಒಂಬತ್ತು ವರ್ಷದ ಜಗಳದಲ್ಲಿ ನಾನು ಗೆದ್ದ ಕ್ಷಣ ಇದು. ಸುಧಾಕರನ ಮುಖ ನೋಡುವುದೂ ನನಗೆ ಆಗ ನೆನಪಾಗಲಿಲ್ಲ.)

“ಹೊಲಿಗೆ ಮಿಶನಿಗೆ ಹಾಗೆ ಅತ್ತದ್ದಾ ಅವ್ರು?” ಶೀನಣ್ಣನಿಗೆ ನಂಬಿಕೆಯೇ ಬರಲಿಲ್ಲ.

“ಅವರು ಅತ್ತರಾ?” ಮೂರ್ತಿಗಳಿಗೆ ಅದಕ್ಕಿಂತ ಆಶ್ಚರ್ಯ. “ನಾನು ಪಕ್ಕದ ರೂಮಿನಲ್ಲಿ ಗಾಜಿನ ಹಿಂದೆ ಕೂತು ಹಾಳೆ ನೋಡಿ ಓದ್ತಿದ್ದೆ. ಸ್ಟೇಜ್ ಕಾಣ್ತಿರಲಿಲ್ಲ. ಮನೇಲಿ ಟಿವಿಯಲ್ಲಿ ಬಂದಾಗ ಎಲ್ಲಿ ತಪ್ಪಾಗಿದೆ ಅಂತ ಕಣ್ಣು ಮುಚ್ಚಿಕೊಂಡು ಕೇಳ್ತಿದ್ದೆ. ಮುಖ ನೋಡಿದವನಲ್ಲ ನಾನು.”

ಈಗ ನೀವೇ ಹೇಳಿ. ಬಹುಮಾನ ಏನೆಂದು ಗೊತ್ತಿದ್ದವರಿಗೆ ಮುಖ ಗೊತ್ತಿರಲಿಲ್ಲ. ಮುಖ ನೋಡಿದವರಿಗೆ ಬಹುಮಾನ ಗೊತ್ತಿರಲಿಲ್ಲ. ಇವರಲ್ಲಿ ‘ಕದ ತಟ್ಟಿ’ಯ ಅಸಲಿ ಧ್ವನಿ ಯಾರದು? ಅಸಲಿ ಅಂದರೆ ಮೊದಲು ಹೇಳಿದವರೇ, ಇಲ್ಲ ಕೇಳಿಸಿದವರೇ? ಆರು ಮಂದಿ ಒಂದು ರೂಮಿನಲ್ಲಿ, ವಾರವಿಡೀ ದುಡಿದು, ರಜೆಯ ಶುಕ್ರವಾರ ಮಧ್ಯಾಹ್ನ ವಿಸಿಆರ್ ಮುಂದೆ ಕೂತು ನಕ್ಕಿದ್ದರಲ್ಲ, ಆ ನಗು ಡೂಪ್ಲಿಕೇಟೇ? ಊಟ ಬಡಿಸುತ್ತಾ ಯೋಚಿಸಿದೆ, ಪಾತ್ರೆ ತೊಳೆಯುತ್ತಾ ಯೋಚಿಸಿದೆ. ತಲೆಬುಡ ಸಿಕ್ಕಲಿಲ್ಲ.

ಜನಕ್ಕೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಸತ್ಯ ತಿಳಿದ ಐದೇ ನಿಮಿಷಕ್ಕೆ ಎಲ್ಲರೂ ಶೀನಣ್ಣನ ಸುತ್ತ! ಮೊಬೈಲಿನಲ್ಲಿ ಫೋಟೊ, ಬೆನ್ನಿಗೆ ಗುದ್ದು, “ಒಂದ್ಸಲ ಹೇಳಿ ಶೀನಣ್ಣ, ಒಂದ್ಸಲ” ಅಂತ ಒತ್ತಾಯ. ಮೂರ್ತಿಗಳ ಧ್ವನಿ ಕೇಳಿ ಬೆಳೆದ ನಮ್ಮ ಚಾಪೆಯ ಬೆಂಗಳೂರಿನವರೂ ಆ ಗುಂಪಿಗೆ ಸೇರಿದ್ದರು. ಕತೆ ಅಲ್ಲಿತ್ತಲ್ಲ, ಅದಕ್ಕೆ. ಶೀನಣ್ಣ ಪಾಪ, “ಸಾರ್ ಅಲ್ಲಿದ್ದಾರೆ, ಅವ್ರನ್ನು ಮಾತಾಡ್ಸಿ” ಅಂತ ಕೈ ತೋರಿಸುತ್ತಲೇ ಇದ್ದರು. ಯಾರು ಕೇಳುತ್ತಾರೆ? ಮೂರ್ತಿಗಳು ಶಾಲು ಹೊದ್ದುಕೊಂಡು, ತಟ್ಟೆಯಲ್ಲಿ ಗೋಳಿಬಜೆ ಇಟ್ಟುಕೊಂಡು, ಒಬ್ಬರೇ ಕೂತಿದ್ದರು.

ನಾಲ್ಕು ಗಂಟೆಗೆ ಅವರು ಹೊರಟರು. ಸುಜಾತಾ ಕಾರು ತಿರುಗಿಸುವಷ್ಟು ಹೊತ್ತು ನಾನೂ ಮೂರ್ತಿಗಳೂ ಬಿಲ್ಡಿಂಗಿನ ಕೆಳಗೆ ನೆರಳಿನಲ್ಲಿ ನಿಂತಿದ್ದೆವು. “ಸರ್, ದಯವಿಟ್ಟು ಬೇಜಾರು ಮಾಡ್ಕೋಬೇಡಿ,” ಅಂದೆ.

“ಛೆ ಛೆ, ಶೀನಣ್ಣನವರು ಒಳ್ಳೆಯ ಮನುಷ್ಯ. ಪುಣ್ಯಕ್ಕೆ ನನ್ನ ಜಾಗ ಖಾಲಿ ಬಿಡಲಿಲ್ಲ ಅವರು,” ಅಂದರು. ಆಮೇಲೆ, “ಒಂದು ಕೇಳ್ಲಾಮ್ಮ? ಅವರ ಮಾತು ಎಲ್ಲರಿಗೂ ಬಾಯಿಪಾಠ. ನೀವು ನನ್ನ ಫ್ಯಾನ್ ಅಂದ್ರಿ. ಆರು ವರ್ಷ ಪ್ರತೀ ವಾರ ಬಾಗಿಲು ತೆಗೆಯುವ ಮೊದಲು ನಾನೂ ಒಂದು ಮಾತು ಹೇಳ್ತಿದ್ದೆ. ಬರೆದು ಕೊಟ್ಟಿದ್ದಲ್ಲ, ನನ್ನದೇ ಸ್ವಂತದ್ದು. ನಿಮಗೆ ನೆನಪಿದೆಯಾ?”

ನಾನು ಬಾಯಿ ತೆರೆದೆ.

ಏನೂ ಬರಲಿಲ್ಲ. ಧ್ವನಿ ಕಿವಿಯಲ್ಲಿ ತುಂಬಿಕೊಂಡಿದೆ. ಏರು, ಇಳಿತ, ನಡುವೆ ಬಿಡುತ್ತಿದ್ದ ಉಸಿರು ಎಲ್ಲ ಇದೆ. ಒಂದು ಶಬ್ದವಿಲ್ಲ! ಅವರು ಒಂದು ನಿಮಿಷ ಪೂರ್ತಿ ನನ್ನ ಮುಖವನ್ನೇ ನೋಡುತ್ತಾ ಕಾದರು. ಬೆಳಿಗ್ಗೆಯಿಂದ ಬಾತ್ರೂಮಿನಲ್ಲಿ ಪ್ರಾಕ್ಟೀಸ್ ಮಾಡಿದ್ದು ಆ ಮಾತನ್ನೇ ಇರಬೇಕು, ಯಾರಾದರೂ ‘ಅದನ್ನೊಂದು ಹೇಳಿ ಸರ್’ ಅಂತ ಕೇಳುತ್ತಾರೆಂದು.

“ನೀವೇ ಹೇಳಿಬಿಡಿ ಸರ್, ಈಗಲೇ ನೆನಪಾಗುತ್ತೆ,” ಅಂದೆ.

“ನಾನೇ ಹೇಳಿದ್ರೆ ಏನು ಬಂತಮ್ಮ?” ಅಂದು ನಕ್ಕು, ಕಾರು ಹತ್ತಿದರು.

ಮನೆಗೆ ಬಂದು ಅಪ್ಪನಿಗೆ ಫೋನು ಮಾಡಿದೆ. ಅವರಿಗೂ ನೆನಪಿಲ್ಲ. ತಂಗಿಗೆ ಮಾಡಿದೆ, ಅವಳಿಗೂ ಇಲ್ಲ. ಚಪ್ಪಾಳೆ ತಟ್ಟಿದ ನಮ್ಮ ಚಾಪೆಯ ಹನ್ನೆರಡು ಮಂದಿಗೂ ಮಾಡಿದೆ. “ಒಳ್ಳೇ ವಾಯ್ಸ್ ಕಣ್ರೀ!” ಅಂತಾರೆ ಎಲ್ಲರೂ. ಹೇಳಿದ್ದೇನು ಅಂದರೆ ಗೊತ್ತಿಲ್ಲ. ಸುಧಾಕರ ಮೊದಲ ಬಾರಿಗೆ ನನ್ನನ್ನು ಚುಡಾಯಿಸದೆ, ಸುಮ್ಮನೆ ಪಕ್ಕದಲ್ಲಿ ಕೂತು ನಂಬರುಗಳನ್ನು ಹುಡುಕಿ ಕೊಟ್ಟರು.

ಮೂರ್ತಿಗಳ ವಿಸಿಟ್ ವೀಸಾ ಮುಗಿಯುತ್ತಿದೆ, ಬರುವ ಗುರುವಾರ ಅವರ ಫ್ಲೈಟು. ನೀವಂತೂ ಆ ಭಾನುವಾರಗಳಲ್ಲಿ ಟಿವಿ ಮುಂದೆ ಕೂತಿದ್ದಿರಲ್ಲ, ಬಾಗಿಲು ತೆಗೆಯುವ ಮೊದಲು ಅವರು ಏನನ್ನುತ್ತಿದ್ದರು?